ಸಿಕ್ಕಿಂನ ಡಲ್ಲೆ ಸಾಸ್: ರಂಜಕ ಉಂಡು ಬೆಳೆದ ನಾಲಿಗೆಯ ಒಂದು ವಿಮರ್ಶೆ

ಗ್ಯಾಂಗ್ಟಾಕ್‌ನ ಮಹಾತ್ಮಾ ಗಾಂಧಿ ಮಾರ್ಗದಿಂದ ಲಾಲ್ ಬಜಾರಿಗೆ ಇಳಿಯುವ ಮೆಟ್ಟಿಲುಗಳ ಪಕ್ಕದಲ್ಲಿ ನಾಲ್ಕೇ ಮೇಜುಗಳಿರುವ ಒಂದು ಮೊಮೊ ಅಂಗಡಿಯಿದೆ. ಕಳೆದ ಅಕ್ಟೋಬರಿನ ಒಂದು ಮಳೆಯ ಸಂಜೆ, ದಸರಾ ರಜೆಯಲ್ಲಿ ಪ್ರವಾಸ ಹೋಗಿದ್ದ ನಾವು ಐದು ಮಂದಿ ಚಳಿಗೆ ನಡುಗುತ್ತ ಅಲ್ಲಿ ಹೊಕ್ಕೆವು. ಎಲೆಕೋಸಿನ ಮೊಮೊ ಎಂಟರ ತಟ್ಟೆ ಬಂತು, ಜೊತೆಗೆ ಬಿಸಿ ಸಾರಿನ ಬಟ್ಟಲು ಬಂತು, ಮತ್ತೆ ಒಂದು ಪುಟ್ಟ ಸ್ಟೀಲ್ ತಟ್ಟೆಯಲ್ಲಿ ಅರ್ಧ ಚಮಚದಷ್ಟು ಕಿತ್ತಳೆ ಕೆಂಪಿನ ಸಾಸ್ ಬಂತು. ಐದು ಜನಕ್ಕೆ ಅರ್ಧ ಚಮಚ ಯಾವ ಮೂಲೆಗೆ ಸಾಕಾದೀತು ಎಂದುಕೊಂಡು ನಾನು ಇನ್ನಷ್ಟು ಕೇಳಿದೆ. ಅಂಗಡಿಯ ಹೆಣ್ಣುಮಗಳು ನಕ್ಕು, 'ಮೊದಲು ಇಷ್ಟು ತಿಂದು ನೋಡಿ ದಿದಿ, ಆಮೇಲೆ ಕೇಳಿ' ಎಂದು ಹಿಂದಿಯಲ್ಲಿ ಹೇಳಿ ಒಳಗೆ ಹೋದಳು.

ಮೊಮೊದ ಒಂದು ತುದಿಯನ್ನು ಅದಕ್ಕೆ ತಾಗಿಸಿ ಬಾಯಿಗಿಟ್ಟಾಗ ಮೊದಲು ಬಂದದ್ದು ಪರಿಮಳ. ಮಾಗಿದ ಹಣ್ಣನ್ನು ಆಗಷ್ಟೇ ಹೆಚ್ಚಿದಾಗ ಬರುವಂಥ, ತುಸು ಸಿಹಿ, ತುಸು ಹೂವಿನ ಹತ್ತಿರದ ಒಂದು ಘಮ ಮೂಗಿನ ಒಳಗಿನಿಂದ ಏರಿತು. ಅದರ ಹಿಂದೆ ಬೆಳ್ಳುಳ್ಳಿ, ಅದರ ಹಿಂದೆ ಹದವಾದ ಹುಳಿ. ಖಾರ ಎಲ್ಲಿ ಎಂದು ನಾನು ಹುಡುಕುವಷ್ಟರಲ್ಲಿ, ಬಹುಶಃ ನಾಲ್ಕೈದು ಉಸಿರು ಕಳೆದಿರಬೇಕು, ಅದು ನಾಲಿಗೆಯ ಬದಿಗಳಲ್ಲಿ ಹೊತ್ತಿಕೊಂಡು ಅಂಗುಳಿಗೆ ಹಬ್ಬಿ, ಕಿವಿಯ ಹಿಂಭಾಗದವರೆಗೂ ಬೆಚ್ಚಗಾಯಿತು. ಕಣ್ಣಲ್ಲಿ ನೀರು ಬಂತು. ಆದರೆ ಆ ಉರಿಯ ನಡುವೆಯೂ ಹಣ್ಣಿನ ಘಮ ಹೋಗಿರಲಿಲ್ಲ, ಮತ್ತು ನನ್ನ ಕೈ ತಾನಾಗಿಯೇ ಎರಡನೆಯ ಮೊಮೊದತ್ತ ಹೋಗಿತ್ತು. ಅರ್ಧ ಚಮಚ ನಮ್ಮ ಐವರಿಗೂ ಸಾಕಾಗಿ ಸ್ವಲ್ಪ ಉಳಿಯಿತು.

ಈ ಸಾಸಿನ ಬಗ್ಗೆ ಇಷ್ಟು ಉತ್ಸಾಹದಿಂದ ಬರೆಯಲು ನನಗೊಂದು ಕಾರಣವಿದೆ. ನಾನು ಹಾವೇರಿ ಜಿಲ್ಲೆಯವಳು. ಬ್ಯಾಡಗಿ ಪೇಟೆಗೆ ಗಾಡಿಗಟ್ಟಲೆ ಮೆಣಸಿನಕಾಯಿ ಹೋಗುವ ದಾರಿಯ ಪಕ್ಕದ ಊರಿನಲ್ಲಿ ಬೆಳೆದವಳು. ಸುಗ್ಗಿಯ ದಿನಗಳಲ್ಲಿ ನಮ್ಮ ಓಣಿಯಲ್ಲಿ ಸೀನದೆ ನಡೆದವರಿಲ್ಲ. ಒಣಗಿಸುವ ಮೊದಲು ಗಿಡದಲ್ಲೇ ಹಣ್ಣಾದ ಕೆಂಪು ಮೆಣಸಿನಕಾಯಿಯನ್ನು ಅವ್ವ ತೊಳೆದು, ಬಟ್ಟೆಯ ಮೇಲೆ ಹರಡಿ ನೀರಾರಿಸಿ, ತೊಟ್ಟು ಮುರಿದು, ಉಪ್ಪು ಬೆರೆಸಿ ಒಂದು ರಾತ್ರಿ ಇಟ್ಟು, ಮರುದಿನ ಬೆಳ್ಳುಳ್ಳಿ, ಹುರಿದ ಮೆಂತ್ಯ, ಇಂಗು, ಚೂರು ಬೆಲ್ಲ, ಲಿಂಬೆರಸ ಸೇರಿಸಿ ಒಳಕಲ್ಲಿನಲ್ಲಿ ರುಬ್ಬಿ ಭರಣಿಗೆ ತುಂಬುತ್ತಿದ್ದಳು. ಅದೇ ರಂಜಕ. ಕೆಲವು ಮನೆಗಳಲ್ಲಿ ಅದನ್ನು ಕೆಂಪು ಹಿಂಡಿ ಎನ್ನುತ್ತಾರೆ, ಕೆಲವರು ಬರೀ ಕೆಂಪು ಚಟ್ನಿ ಎನ್ನುತ್ತಾರೆ. ಭರಣಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಇಟ್ಟರೆ ವರ್ಷವಿಡೀ ರೊಟ್ಟಿಗೆ ಅದೇ ಜೊತೆ. ಅಂಥ ಮನೆಯಿಂದ ಬಂದವಳಿಗೆ ಅಂಗಡಿಯ ಚಿಲ್ಲಿ ಸಾಸ್ ಎಂಬ ಪದಾರ್ಥ ಎಂದೂ ಹಿಡಿಸಿರಲಿಲ್ಲ. ಒಂದೋ ಸಕ್ಕರೆ ಪಾಕದಂತಿರುತ್ತದೆ, ಇಲ್ಲವೇ ವಿನೆಗರಿನ ಘಾಟು ಉಳಿದೆಲ್ಲವನ್ನೂ ನುಂಗಿರುತ್ತದೆ. ಮೆಣಸಿನಕಾಯಿ ಎಂಬುದು ಅದರಲ್ಲಿ ಬಣ್ಣಕ್ಕೆ ಮಾತ್ರ ಇದ್ದಂತೆ ಕಾಣುತ್ತದೆ. ಊರು ಬಿಟ್ಟು ಎರಡು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ಮೆಣಸಿನಕಾಯಿಯನ್ನೇ ಮುಂದಿಟ್ಟುಕೊಂಡ ಸಾಸ್ ಸಿಕ್ಕಾಗ ಅದರ ಹಿಂದೆ ಬೀಳದೆ ಇರಲು ನನ್ನಿಂದ ಆಗಲಿಲ್ಲ.

ಮರುದಿನ ಬೆಳಿಗ್ಗೆ ಲಾಲ್ ಬಜಾರಿಗೆ ಹೋದೆ. ಹಳ್ಳಿಗಳಿಂದ ಬಂದ ಹೆಂಗಸರು ನೆಲದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ನಿಂಗ್ರೊ ಎಂಬ ಸುರುಳಿ ಸುತ್ತಿದ ಜರಿಗಿಡದ ಎಳೆ ಚಿಗುರು, ಒಣಗಿಸಿದ ಗುಂದ್ರುಕ್ ಸೊಪ್ಪು, ಎಲೆಯಲ್ಲಿ ಕಟ್ಟಿದ ಕಿನೆಮಾ ಎಂಬ ಹುದುಗಿಸಿದ ಸೋಯಾ ಕಾಳು, ದಾರಕ್ಕೆ ಪೋಣಿಸಿದ ಚುರ್ಪಿ ಎಂಬ ಗಟ್ಟಿ ಚೀಸ್ ಇಟ್ಟುಕೊಂಡು ಕೂತಿದ್ದರು. ಅವರ ನಡುನಡುವೆ ಸಣ್ಣ ಸಣ್ಣ ಗುಡ್ಡೆಗಳಾಗಿ ಡಲ್ಲೆ. ನೇಪಾಳಿಯಲ್ಲಿ ಡಲ್ಲೆ ಎಂದರೆ ಗುಂಡಗಿರುವುದು, ಖುರ್ಸಾನಿ ಎಂದರೆ ಮೆಣಸಿನಕಾಯಿ. ಹೆಸರಿಗೆ ತಕ್ಕಂತೆ ಅದು ನಮ್ಮ ಹುಡುಗರು ಆಡುವ ಗೋಲಿಗಿಂತ ತುಸು ದೊಡ್ಡದು, ಹೊಳೆಯುವ ಕೆಂಪು, ದೂರದಿಂದ ನೋಡಿದರೆ ಚೆರ್ರಿ ಹಣ್ಣೇ ಅನ್ನಬೇಕು. ಕಾಲು ಕಿಲೋಗೆ 120 ರೂಪಾಯಿ ಕೊಟ್ಟೆ. ನಮ್ಮ ಕಡೆಯ ಹಸಿಮೆಣಸಿನಕಾಯಿಯ ದರಕ್ಕೆ ಹೋಲಿಸಿದರೆ ಇದು ಬಹಳ ಹೆಚ್ಚು. ಆದರೆ ಒಂದು ಕಾಯಿ ಒಂದು ಮನೆಯ ಒಂದು ಹೊತ್ತಿನ ಊಟಕ್ಕೆ ಸಾಕು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ದರ ಸರಿಯಾಗಿಯೇ ಇದೆ.

ಹೋಟೆಲಿನ ಕೋಣೆಯಲ್ಲಿ ಒಂದನ್ನು ಚಾಕುವಿನಿಂದ ಅಡ್ಡಕ್ಕೆ ಸೀಳಿ ನೋಡಿದೆ. ಬ್ಯಾಡಗಿಯದು ತೆಳು ಸಿಪ್ಪೆ, ಒಣಗಿಸಿದರೆ ಸುಕ್ಕುಸುಕ್ಕಾಗಿ ಹಾಳೆಯಂತಾಗುತ್ತದೆ. ಡಲ್ಲೆಯ ತಿರುಳು ದಪ್ಪ, ರಸವುಳ್ಳದ್ದು. ಒತ್ತಿದರೆ ಚಾಕುವಿನ ಅಂಚಿನಲ್ಲಿ ಹನಿ ಕಟ್ಟುತ್ತದೆ. ಒಳಗೆ ಕೆನೆಬಣ್ಣದ ಬೀಜಗಳು ಒತ್ತೊತ್ತಾಗಿ ಒಂದು ಬಿಳಿ ತಿರುಳಿಗೆ ಅಂಟಿಕೊಂಡಿರುತ್ತವೆ. ಖಾರ ಬೀಜದಲ್ಲಿದೆ ಎಂದು ನಾವೆಲ್ಲ ನಂಬಿದ್ದೇವೆ, ಆದರೆ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಉತ್ಪತ್ತಿಯಾಗುವುದು ಈ ಬಿಳಿ ತಿರುಳಿನಲ್ಲಿ. ಅದಕ್ಕೆ ಅಂಟಿಕೊಂಡಿರುವ ಕಾರಣ ಬೀಜಕ್ಕೂ ಖಾರ ತಾಗುತ್ತದೆ. ಸೀಳಿದ ಕ್ಷಣಕ್ಕೇ ಕೋಣೆಯ ತುಂಬ ಆ ಹಿಂದಿನ ಸಂಜೆಯ ಘಮ ಹರಡಿತು. ಸಾಸಿನಲ್ಲಿದ್ದ ಹಣ್ಣಿನ ವಾಸನೆ ಬೇರೆ ಯಾವುದೋ ಹಣ್ಣನ್ನು ಸೇರಿಸಿದ್ದರಿಂದ ಬಂದದ್ದಲ್ಲ, ಅದು ಈ ಕಾಯಿಯದೇ ಗುಣ ಎಂಬುದು ನನಗೆ ಖಾತ್ರಿಯಾದದ್ದು ಆಗ. ಸೀಳಿದ ಬೆರಳುಗಳನ್ನು ಸೋಪಿನಲ್ಲಿ ಎರಡು ಸಲ ತೊಳೆದರೂ ರಾತ್ರಿಯವರೆಗೆ ಉಗುರಿನ ಸಂದು ಚುರುಗುಟ್ಟುತ್ತಿತ್ತು. ಹಸಿ ಡಲ್ಲೆಯನ್ನು ಹೆಚ್ಚುವವರು ಕೈಗೆ ಮೊದಲೇ ಎಣ್ಣೆ ಸವರಿಕೊಳ್ಳಬೇಕು, ಕಣ್ಣು ಮುಟ್ಟಿಕೊಳ್ಳಲೇಬಾರದು.

ಖಾರದ ಅಳತೆಯನ್ನು ತಿಳಿಯಬಯಸುವವರಿಗಾಗಿ ಕೆಲವು ಅಂಕಿಗಳನ್ನು ಹೇಳುತ್ತೇನೆ. ಅಮೆರಿಕದ ಔಷಧತಜ್ಞ ವಿಲ್ಬರ್ ಸ್ಕೋವಿಲ್ 1912ರಲ್ಲಿ ರೂಪಿಸಿದ ಮಾಪನದಲ್ಲಿ ಡಲ್ಲೆಗೆ ಸಾಮಾನ್ಯವಾಗಿ 1 ಲಕ್ಷದಿಂದ 3.5 ಲಕ್ಷದವರೆಗೆ ಅಂಕ ಕೊಡುತ್ತಾರೆ. ನಮ್ಮ ಬ್ಯಾಡಗಿ 20 ಸಾವಿರದ ಒಳಗೇ ನಿಲ್ಲುತ್ತದೆ. ಅದರ ಹೆಗ್ಗಳಿಕೆ ಇರುವುದು ಬಣ್ಣದಲ್ಲಿ, ಆ ಬಣ್ಣವನ್ನು ಓಲಿಯೊರೆಸಿನ್ ಎಂಬ ಗಟ್ಟಿ ಸಾರವಾಗಿ ತೆಗೆದು ಲಿಪ್‌ಸ್ಟಿಕ್‌ಗೂ ಬಳಸುತ್ತಾರೆ. ಇನ್ನೊಂದು ಕೊನೆಯಲ್ಲಿ ಅಸ್ಸಾಂ, ನಾಗಾಲ್ಯಾಂಡ್ ಕಡೆಯ ಭೂತ್ ಜೊಲೋಕಿಯಾ 10 ಲಕ್ಷವನ್ನು ದಾಟಿ, 2007ರಲ್ಲಿ ಜಗತ್ತಿನ ಅತಿ ಖಾರದ ಮೆಣಸಿನಕಾಯಿ ಎಂದು ಗಿನ್ನೆಸ್ ದಾಖಲೆ ಸೇರಿತು. ಭೂತ್ ಜೊಲೋಕಿಯಾದ ಉಪ್ಪಿನಕಾಯಿಯನ್ನು ಸ್ನೇಹಿತರೊಬ್ಬರ ಮನೆಯಲ್ಲಿ ಒಮ್ಮೆ ತಿಂದಿದ್ದೆ. ಅದರಲ್ಲಿಯೂ ಪರಿಮಳವಿದೆ, ಆದರೆ ಅದನ್ನು ಅನುಭವಿಸುವ ಪುರುಸೊತ್ತನ್ನು ಖಾರ ಕೊಡುವುದಿಲ್ಲ. ಡಲ್ಲೆ ಆ ಪುರುಸೊತ್ತನ್ನು ಕೊಡುತ್ತದೆ. ನನ್ನ ಮಟ್ಟಿಗೆ ಈ ಸಾಸಿನ ಹಿರಿಮೆಯೆಲ್ಲ ಆ ನಾಲ್ಕೈದು ಉಸಿರಿನ ಬಿಡುವಿನಲ್ಲಿದೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರೆತಂತೆ ಸಿಕ್ಕಿಂನ ಡಲ್ಲೆ ಖುರ್ಸಾನಿಗೆ 2020ರಲ್ಲಿ ಆ ಮಾನ್ಯತೆ ದೊರೆಯಿತು. ಡಾರ್ಜಿಲಿಂಗ್, ಕಾಲಿಂಪೊಂಗ್ ಬೆಟ್ಟಗಳಲ್ಲಿಯೂ ಇದನ್ನು ಬೆಳೆಯುತ್ತಾರೆ. ನೇಪಾಳದಲ್ಲಿ ಇದಕ್ಕೆ ಅಕಬರೆ ಎಂಬ ಹೆಸರಿದೆ. ಸಿಕ್ಕಿಂ ರಾಜ್ಯವನ್ನು 2016ರ ಜನವರಿಯಲ್ಲಿ ಪೂರ್ಣ ಸಾವಯವ ರಾಜ್ಯವೆಂದು ಘೋಷಿಸಲಾಯಿತು, ಅಲ್ಲಿನ ಹೊಲಗಳಿಗೆ ರಾಸಾಯನಿಕ ಗೊಬ್ಬರವೂ ಕೀಟನಾಶಕವೂ ನಿಷಿದ್ಧ. ಮೆಣಸಿನಕಾಯಿ ಬೆಳೆಗೆ ಎಷ್ಟು ಸಲ ಔಷಧಿ ಹೊಡೆಯಬೇಕಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಿದವಳಾದ್ದರಿಂದ, ಇದು ನನಗೆ ಲೇಬಲ್ಲಿನ ಮೇಲಿನ ಅಲಂಕಾರದ ಮಾತಾಗಿ ಕಾಣುವುದಿಲ್ಲ. ಹಸಿಯಾಗಿಯೇ ರುಬ್ಬಿ ತುಂಬುವ ಸಾಸಿಗೆ ಸಿಪ್ಪೆಯ ಮೇಲೆ ಏನಿದೆ ಎಂಬುದು ಮುಖ್ಯ.

ಲಾಲ್ ಬಜಾರಿನ ಅಂಗಡಿಗಳಲ್ಲಿ ಡಲ್ಲೆ ಹಲವು ರೂಪದಲ್ಲಿ ಸಿಗುತ್ತದೆ. ಇಡೀ ಕಾಯಿಗಳನ್ನು ವಿನೆಗರಿನಲ್ಲಿ ಮುಳುಗಿಸಿದ ಜಾಡಿಗಳು ಎಲ್ಲ ಕಡೆ ಕಾಣುತ್ತವೆ, ಗಾಜಿನೊಳಗೆ ಅವು ಬಹಳ ಚೆನ್ನಾಗಿಯೂ ಕಾಣುತ್ತವೆ. ಸಾಸಿವೆ ಎಣ್ಣೆಯಲ್ಲಿ ಹಾಕಿದ ಉಪ್ಪಿನಕಾಯಿ ಉಂಟು. ಗಟ್ಟಿಯಾಗಿ ರುಬ್ಬಿದ ಪೇಸ್ಟ್ ಉಂಟು. ಚಮಚದಿಂದ ಸುರಿಯುವಷ್ಟು ತೆಳುವಾದ ಸಾಸ್ ಉಂಟು. ನಾನು ಅಲ್ಲಿನ ಮಹಿಳಾ ಸ್ವಸಹಾಯ ಗುಂಪೊಂದು ಮಾಡಿದ 200 ಗ್ರಾಂ ಸಾಸಿನ ಎರಡು ಬಾಟಲಿಗಳನ್ನು ಬಾಟಲಿಗೆ 180 ರೂಪಾಯಿಯಂತೆ ಕೊಂಡೆ. ಲೇಬಲ್ಲಿನ ಮೇಲಿದ್ದದ್ದು ಇಷ್ಟೇ: ಡಲ್ಲೆ, ಬೆಳ್ಳುಳ್ಳಿ, ಶುಂಠಿ, ಉಪ್ಪು, ವಿನೆಗರ್, ಸಾಸಿವೆ ಎಣ್ಣೆ. ಮೊದಲ ಹೆಸರು ಮೆಣಸಿನಕಾಯಿಯದೇ ಆಗಿತ್ತು. ಪದಾರ್ಥಗಳನ್ನು ಹೆಚ್ಚಿನ ಪ್ರಮಾಣದಿಂದ ಕಡಿಮೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿರುವುದರಿಂದ, ಸಾಸ್ ಕೊಳ್ಳುವಾಗ ನಾನು ಮೊದಲು ನೋಡುವುದು ಆ ಮೊದಲ ಹೆಸರನ್ನೇ.

ಇದೇ ಮಾತನ್ನು ಅನುಭವದಿಂದಲೂ ಹೇಳಬೇಕಾಗಿದೆ. ಪ್ರವಾಸಿಗರಿಗಾಗಿಯೇ ಇರುವ ಒಂದು ಅಂಗಡಿಯಲ್ಲಿ, ಚಂದದ ಪೆಟ್ಟಿಗೆಯಲ್ಲಿಟ್ಟ ಇನ್ನೊಂದು ಡಲ್ಲೆ ಸಾಸನ್ನು ನನ್ನ ತಂಗಿ ಅವಸರದಲ್ಲಿ ಕೊಂಡಳು. ಊರಿಗೆ ಬಂದು ತೆರೆದರೆ ಅದರ ಮೊದಲ ಪದಾರ್ಥ ನೀರು, ಎರಡನೆಯದು ಸಕ್ಕರೆ, ಆಮೇಲೆ ಟೊಮೆಟೊ ಪೇಸ್ಟ್, ಆಮೇಲೆ ಜೋಳದ ಪಿಷ್ಟ. ಡಲ್ಲೆಯ ಹೆಸರು ಐದನೆಯ ಸಾಲಿನಲ್ಲಿತ್ತು. ತಿಂದರೆ ಖಾರವೇನೋ ಇತ್ತು, ಪರಿಮಳದ ಸುಳಿವೂ ಇರಲಿಲ್ಲ. ನನ್ನ ಬಾಟಲಿಗಿಂತ ಅದರ ಬೆಲೆ 70 ರೂಪಾಯಿ ಜಾಸ್ತಿ. ಸಿಕ್ಕಿಂವರೆಗೆ ಹೋಗಿ ಡಲ್ಲೆಯನ್ನು ಅಂಥ ಬಾಟಲಿಯಿಂದ ಮೊದಲ ಸಲ ರುಚಿ ನೋಡಿದವರು, ಇದರಲ್ಲೇನು ವಿಶೇಷ ಎಂದು ಅದನ್ನು ಬದಿಗಿಟ್ಟುಬಿಡುತ್ತಾರಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಯಿತು.

ವಿನೆಗರಿನಲ್ಲಿಟ್ಟ ಇಡೀ ಕಾಯಿಯ ಒಂದು ಜಾಡಿಯನ್ನೂ ತಂದಿದ್ದೆ. ಕಾಯಿ ಕಚ್ಚಿದರೆ ಇನ್ನೂ ಗರಿಗರಿಯಾಗಿಯೇ ಇತ್ತು, ಅದು ಮೆಚ್ಚತಕ್ಕ ಗುಣ. ಆದರೆ ದಿನ ಕಳೆದಂತೆ ಪರಿಮಳದ ಬಹುಭಾಗ ವಿನೆಗರಿಗೆ ಇಳಿದುಬಿಡುತ್ತದೆ. ಕಾಯಿಗಿಂತ ಆ ವಿನೆಗರೇ ಹೆಚ್ಚು ರುಚಿ. ಅದನ್ನು ನಾಲ್ಕು ಹನಿ ಕೋಸಂಬರಿಗೆ ಬಿಟ್ಟು ನೋಡಿ.

ಸಾಸಿನ ವಿಚಾರಕ್ಕೆ ಮರಳುತ್ತೇನೆ. ಧಾರವಾಡದ ನಮ್ಮ ಮನೆಯಲ್ಲಿ ನಾಲ್ಕು ತಿಂಗಳು ಇದನ್ನು ಬಗೆಬಗೆಯಾಗಿ ತಿಂದಿದ್ದೇವೆ. ಜೋಳದ ರೊಟ್ಟಿಗೆ ಹಚ್ಚಿಕೊಂಡು ತಿಂದಾಗ ಅಷ್ಟು ಒಗ್ಗಲಿಲ್ಲವೆಂದು ಒಪ್ಪಿಕೊಳ್ಳಬೇಕು. ರೊಟ್ಟಿಯ ಒಣ ಗುಣಕ್ಕೆ ರಂಜಕದ ಲಿಂಬೆಹುಳಿ, ಮೆಂತ್ಯದ ಕಹಿ, ಮೇಲೆ ಸುರಿದ ಕುಸುಬೆ ಎಣ್ಣೆ ಬೇಕು. ಡಲ್ಲೆ ಸಾಸ್ ಅಲ್ಲಿ ಒಬ್ಬಂಟಿಯಾಗಿ ಕಂಡಿತು. ಅದೇ ರೊಟ್ಟಿಯೊಂದಿಗೆ ಗಟ್ಟಿ ಮೊಸರಿಗೆ ಕಾಲು ಚಮಚ ಸಾಸ್ ಕಲಸಿಕೊಂಡಾಗ ಎರಡೂ ಕೂಡಿಬಂದವು. ಮೊಸರು ಉರಿಯನ್ನು ಹಿಂದಕ್ಕೆ ತಳ್ಳಿ ಘಮವನ್ನು ಮುಂದಕ್ಕೆ ತರುತ್ತದೆ. ಇದಕ್ಕೆ ಕಾರಣವೂ ಇದೆ. ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ಅದಲ್ಲದೆ ಹಾಲಿನ ಕೇಸೀನ್ ಎಂಬ ಪ್ರೋಟೀನು ಅದನ್ನು ಹಿಡಿದುಕೊಂಡು ನಾಲಿಗೆಯಿಂದ ಬಿಡಿಸುತ್ತದೆ. ಬಾಯಿ ಉರಿಯುವಾಗ ನೀರು ಕುಡಿದರೆ ಉರಿ ಬಾಯಿತುಂಬ ಹರಡುವುದೂ, ಮಜ್ಜಿಗೆ ಕುಡಿದರೆ ತಣಿಯುವುದೂ ಇದರಿಂದಲೇ. ನಾಲಿಗೆಯಲ್ಲಿ ಸುಡುಬಿಸಿಯನ್ನು ಗುರುತಿಸುವ ಗ್ರಾಹಕವನ್ನೇ ಖಾರವೂ ಎಬ್ಬಿಸುತ್ತದೆ. ಆ ಗ್ರಾಹಕವನ್ನು ಕ್ಯಾಪ್ಸೈಸಿನ್ ಬಳಸಿಯೇ ಪತ್ತೆಹಚ್ಚಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ವೈದ್ಯಕೀಯ ನೊಬೆಲ್ ಬಹುಮಾನದಲ್ಲಿ ಪಾಲು ಸಿಕ್ಕಿತು. ನಮ್ಮ ಅಜ್ಜಿಯಂದಿರು ಖಾರದ ಊಟದ ಕೊನೆಗೆ ಮಜ್ಜಿಗೆಯನ್ನು ಇಟ್ಟದ್ದು ಎಷ್ಟು ಸರಿಯಾಗಿತ್ತು ಎಂದು ಈ ಸಾಸ್ ತಿನ್ನುವಾಗಲೆಲ್ಲ ನೆನೆಯುತ್ತೇನೆ.

ನೀರುದೋಸೆಗೆ ಇದು ಬಹಳ ಹೊಂದುತ್ತದೆ. ನೀರುದೋಸೆಗೆ ತನ್ನದೇ ಆದ ದೊಡ್ಡ ರುಚಿಯಿಲ್ಲ, ಮೃದುತನವಿದೆ. ಮೊಮೊದ ಹೊರಪದರದ ಹಾಗೆ ಅದು ಸಾಸಿಗೆ ಜಾಗ ಬಿಟ್ಟುಕೊಡುತ್ತದೆ. ಅಕ್ಕಿರೊಟ್ಟಿಗೆ ಬೆಣ್ಣೆ ಹಚ್ಚಿ, ಅದರ ಮೇಲೆ ಬೆರಳ ತುದಿಯಷ್ಟು ಸಾಸ್ ಸವರಿದರೆ ಇನ್ನೂ ಒಳ್ಳೆಯದು. ಗಿರ್ಮಿಟ್ಟಿಗೆ ಹಸಿಮೆಣಸಿನಕಾಯಿಯ ಬದಲು ಇದನ್ನು ಹಾಕಿ ಕಲಸಿದ ದಿನ ಮನೆಯ ಮಕ್ಕಳೇ ಎರಡನೆಯ ಸಲ ಕೇಳಿದರು. ಬೇಯಿಸಿದ ಮೊಟ್ಟೆ, ಸುಟ್ಟ ಮೆಕ್ಕೆಜೋಳ, ಬೇಯಿಸಿದ ಆಲೂಗಡ್ಡೆ ಇವುಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ, ಎಲ್ಲಕ್ಕೂ ಚೆನ್ನ.

ಹೊಂದದ ಕಡೆಗಳನ್ನೂ ಹೇಳಬೇಕು. ಹುಣಸೆಹುಳಿಯ ಸಾರು, ಹುಳಿಗಳಿಗೆ ಇದನ್ನು ಹಾಕಬಾರದು. ವಿನೆಗರಿನ ಹುಳಿಯೂ ಹುಣಸೆಯ ಹುಳಿಯೂ ಒಂದರ ಮೇಲೊಂದು ಬಿದ್ದು ಬಾಯಿ ಜುಮ್ಮೆನ್ನುತ್ತದೆ. ಕೊಬ್ಬರಿ ಚಟ್ನಿಯಲ್ಲಿ ತೆಂಗಿನ ಪರಿಮಳವನ್ನು ಇದು ಅಳಿಸಿಬಿಡುತ್ತದೆ. ಒಗ್ಗರಣೆಗೆ ಅಂತೂ ಬೇಡವೇ ಬೇಡ. ಒಮ್ಮೆ ಕುದಿಯುವ ಎಣ್ಣೆಗೆ ಅರ್ಧ ಚಮಚ ಹಾಕಿ ಮನೆಯವರೆಲ್ಲ ಕೆಮ್ಮುತ್ತ ಅಂಗಳಕ್ಕೆ ಓಡುವ ಹಾಗಾಯಿತು, ಮತ್ತು ಅಷ್ಟೆಲ್ಲ ಆದ ಮೇಲೆ ಉಳಿದದ್ದು ಬರೀ ಖಾರ. ಘಮವೆಲ್ಲ ಹೊಗೆಯ ಜೊತೆ ಹೋಗಿತ್ತು. ಈ ಸಾಸನ್ನು ಬಿಸಿ ಪದಾರ್ಥದ ಮೇಲೆ ಕೊನೆಯಲ್ಲಿ ಹಾಕಬೇಕು, ಒಲೆಯ ಮೇಲಲ್ಲ. ಮೊಮೊ ಅಂಗಡಿಯವಳು ಸಾರನ್ನೂ ಸಾಸನ್ನೂ ಬೇರೆ ಬೇರೆ ಬಟ್ಟಲಿನಲ್ಲಿ ಯಾಕೆ ಕೊಟ್ಟಳು ಎಂಬುದು ನನಗೆ ಅರ್ಥವಾದದ್ದು ಹೀಗೆ.

ಸಾಸಿನ ದೋಷಗಳಲ್ಲಿ ಮೊದಲನೆಯದು ಉಪ್ಪು. ಬಹುಶಃ ಕೆಡದಂತೆ ಇಡಲು ಹಾಕಿರಬೇಕು, ಆದರೂ ಒಂದು ಪಾಲು ಕಡಿಮೆಯಿದ್ದರೆ ಪರಿಮಳ ಇನ್ನೂ ತೆರೆದುಕೊಳ್ಳುತ್ತಿತ್ತು. ಎರಡನೆಯದು, ಎಣ್ಣೆ ಮೇಲಕ್ಕೂ ತಿರುಳು ಕೆಳಕ್ಕೂ ಬೇರ್ಪಡುತ್ತದೆ. ಪಿಷ್ಟ, ಅಂಟು ಏನನ್ನೂ ಬೆರೆಸದ ಸಾಸಿನಲ್ಲಿ ಹೀಗಾಗುವುದು ಸಹಜವೇ ಆದ್ದರಿಂದ ಇದನ್ನು ನಾನು ದೋಷವೆಂದು ಎಣಿಸಲಾರೆ. ಪ್ರತಿ ಸಲ ಒಣ ಚಮಚದಿಂದ ಕದಡಿ ತೆಗೆದುಕೊಳ್ಳಬೇಕು, ಅಷ್ಟೆ. ಮುಚ್ಚಳ ಮಾತ್ರ ಗಟ್ಟಿಯಾಗಿರಲಿಲ್ಲ. ಬಾಗ್‌ಡೋಗ್ರಾದಿಂದ ವಿಮಾನದಲ್ಲಿ ಬರುವಾಗ ಒಂದು ಬಾಟಲಿಯಿಂದ ಎಣ್ಣೆ ಜಿನುಗಿ ನನ್ನ ಶಾಲಿನ ಅಂಚಿಗೆ ಕಿತ್ತಳೆ ಬಣ್ಣ ಹಿಡಿದಿದೆ, ಇನ್ನೂ ಹೋಗಿಲ್ಲ. ಖಾರದ ಸಾಸನ್ನು ವಿಮಾನದೊಳಗಿನ ಕೈಚೀಲದಲ್ಲಿ ಒಯ್ಯುವ ಯೋಚನೆ ಬೇಡ. ದೊಡ್ಡ ಪೆಟ್ಟಿಗೆಯಲ್ಲೇ ಇಡಬೇಕಾದ್ದರಿಂದ, ಬಾಟಲಿಯ ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಅದರ ಮೇಲೆ ಮುಚ್ಚಳ ತಿರುಗಿಸಿ, ಎರಡು ಚೀಲ ಸುತ್ತಿ ಕಟ್ಟಿಕೊಂಡು ಬನ್ನಿ.

ತೆರೆದ ಬಾಟಲಿಯನ್ನು ಫ್ರಿಜ್ಜಿನಲ್ಲಿ ಇಟ್ಟಿದ್ದೇನೆ. ಮೊದಲ ಬಾಟಲಿ ಎರಡೂವರೆ ತಿಂಗಳು ಬಂತು. ಕೊನೆಯ ವಾರಗಳಲ್ಲಿ ಖಾರ ಹಾಗೆಯೇ ಇದ್ದರೂ ಘಮ ತುಸು ಇಳಿದಿತ್ತು ಎಂದು ನನಗನ್ನಿಸಿತು, ಯಜಮಾನರು ಒಪ್ಪಲಿಲ್ಲ. ದೊಡ್ಡ ಬಾಟಲಿ ಅಗ್ಗವೆಂದು ಕೊಳ್ಳುವುದಕ್ಕಿಂತ ಸಣ್ಣ ಬಾಟಲಿಗಳನ್ನು ಕೊಂಡು ಒಂದೊಂದಾಗಿ ತೆರೆಯುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಅಕ್ಟೋಬರಿನ ಆಸುಪಾಸಿನಲ್ಲಿ ಹೋದರೆ ಮಾರುಕಟ್ಟೆಯಲ್ಲಿ ಹಸಿ ಕಾಯಿಯೂ ಇರುತ್ತದೆ, ಆ ಸುಗ್ಗಿಯ ಕಾಯಿಯಿಂದ ಮಾಡಿದ ಹೊಸ ಸಾಸೂ ಇರುತ್ತದೆ. ತಯಾರಾದ ದಿನಾಂಕವನ್ನು ಓದಿ ಕೊಳ್ಳಿ. ಬಾಗ್‌ಡೋಗ್ರಾದಿಂದ ತೀಸ್ತಾ ನದಿಯ ದಂಡೆಯ ಹೆದ್ದಾರಿಯಲ್ಲಿ ಗ್ಯಾಂಗ್ಟಾಕಿಗೆ ಹೋಗುವಾಗ ನಡುವೆ ಸಿಂಗ್ತಾಮ್ ಪಟ್ಟಣ ಸಿಗುತ್ತದೆ. ಸಿಕ್ಕಿಂ ಸರ್ಕಾರದ ಹಣ್ಣು ಸಂಸ್ಕರಣೆಯ ಕಾರ್ಖಾನೆ ಅಲ್ಲಿಯೇ ಇದೆ. ಸಿಕ್ಕಿಂ ಸುಪ್ರೀಮ್ ಎಂಬ ಹೆಸರಿನಲ್ಲಿ ಅದು ಕಿತ್ತಳೆ ಹಣ್ಣಿನ ಪಾನೀಯಗಳ ಜೊತೆ ಡಲ್ಲೆಯ ಪದಾರ್ಥಗಳನ್ನೂ ಮಾಡುತ್ತದೆ, ಗ್ಯಾಂಗ್ಟಾಕಿನ ಅಂಗಡಿಗಳಲ್ಲಿ ಸುಲಭವಾಗಿ ಕಣ್ಣಿಗೆ ಬೀಳುವ ಹೆಸರೂ ಅದೇ. ಲಾಲ್ ಬಜಾರಿನಲ್ಲಿ ಅಲೆಯಲು ಸಮಯವಿಲ್ಲದವರಿಗೆ ಅದು ಹತ್ತಿರದ ದಾರಿ. ಸಮಯವಿದ್ದವರು ಮಾತ್ರ ಬಜಾರಿನಲ್ಲಿ ಎರಡು ಮೂರು ಗುಂಪುಗಳ ಸಾಸುಗಳ ಲೇಬಲ್ ಓದಿ, ರುಚಿ ನೋಡಲು ಕೊಡುವ ಅಂಗಡಿಯಲ್ಲಿ ಕಡ್ಡಿಯ ತುದಿಯಷ್ಟು ನಾಲಿಗೆಗೆ ತಾಗಿಸಿ ಕೊಳ್ಳಬೇಕು. ಒಂದರ ಹಾಗೆ ಇನ್ನೊಂದಿಲ್ಲ. ಕೆಲವರು ಶುಂಠಿಯನ್ನು ಮುಂದೆ ಮಾಡುತ್ತಾರೆ, ಕೆಲವರು ಸಾಸಿವೆ ಎಣ್ಣೆಯನ್ನು. ನಾನು ಕೊಂಡದ್ದರಲ್ಲಿ ಎರಡೂ ಹಿಂದೆ ಸರಿದು ಕಾಯಿಗೇ ದಾರಿ ಬಿಟ್ಟಿದ್ದವು.

ಖಾರ ತಾಳದವರಿಗೆ, ಹೊಟ್ಟೆ ಉರಿಯ ತೊಂದರೆ ಇರುವವರಿಗೆ ಇದನ್ನು ಕೊಳ್ಳಿ ಎಂದು ನಾನು ಹೇಳಲಾರೆ. ಮೊಸರಿನಲ್ಲಿ ಕಲಸಿದರೂ ಇದು ಸೌಮ್ಯವಾದ ಪದಾರ್ಥವಲ್ಲ. ಊಟಕ್ಕೆ ಒಂದು ಹಸಿಮೆಣಸಿನಕಾಯಿ ಕಚ್ಚಿಕೊಳ್ಳುವ ರೂಢಿಯುಳ್ಳವರು ಕಾಲು ಚಮಚದಿಂದ ಆರಂಭಿಸಬಹುದು. ಕೊಡಗಿನ ಸೂಜಿಮೆಣಸು, ಮಲೆನಾಡಿನ ಜೀರಿಗೆ ಮೆಣಸಿನ ಖಾರ ಬಲ್ಲವರಿಗೆ ಉರಿಯ ಪ್ರಮಾಣ ಹೊಸದೆನಿಸದು. ಆದರೆ ಆ ಪುಟ್ಟ ಮೆಣಸು ನಾಲಿಗೆಗೆ ತಾಗಿದ ಕ್ಷಣವೇ ಚುಚ್ಚುತ್ತದೆ, ಡಲ್ಲೆ ತಡೆದು ಬರುತ್ತದೆ. ಆ ತಡವನ್ನು ನಂಬಿ ಎರಡನೆಯ ಚಮಚ ಹಾಕಿಕೊಂಡವರು ನಮ್ಮ ಮನೆಯಲ್ಲಿಯೇ ಇಬ್ಬರಿದ್ದಾರೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಎರಡನೆಯ ಬಾಟಲಿಯನ್ನು ಅವ್ವನ ಮುಂದೆ ಇಟ್ಟೆ. ಆಕೆ ಮುಚ್ಚಳ ತೆಗೆದು ಬಹಳ ಹೊತ್ತು ಮೂಸಿದಳು. ಆಮೇಲೆ ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟುಕೊಂಡು, ಖಾರ ಬರುವವರೆಗೆ ಕಣ್ಣು ಮುಚ್ಚಿ ಕಾದು, 'ಘಮಾ ಭಾಳ ಚಲೋ ಐತವಾ, ಆದರ ಹುಳಿ ನಮ್ಮದಲ್ಲ' ಎಂದಳು. ನಾನು ತಿಂಗಳುಗಟ್ಟಲೆ ತಿಂದು ಕಂಡುಕೊಂಡದ್ದನ್ನು ಆಕೆ ಒಂದು ಬೆರಳಿನಲ್ಲಿ ಹೇಳಿದ್ದಳು. ಆ ವರ್ಷದ ಹಣ್ಣುಮೆಣಸಿನಕಾಯಿ ಬಂದಿತ್ತು. ರಂಜಕ ರುಬ್ಬಿ ಮುಗಿಸಿದ ಮೇಲೆ ಒಂದು ಸಣ್ಣ ಜಾಡಿಯಷ್ಟನ್ನು ಬೇರೆ ತೆಗೆದು, ಅದಕ್ಕೆ ಎರಡು ಚಮಚ ಡಲ್ಲೆ ಸಾಸ್ ಕಲಸಿ, ಇನ್ನರ್ಧ ಲಿಂಬೆ ಹಿಂಡಿ ಇಟ್ಟಳು. ಹದಿನೈದು ದಿನ ಬಿಟ್ಟು ರೊಟ್ಟಿಯ ಜೊತೆ ತಿಂದಾಗ, ಬ್ಯಾಡಗಿಯ ಬಣ್ಣದ ಒಳಗಿನಿಂದ ಆ ಬೆಟ್ಟದ ಕಾಯಿಯ ಘಮ ಬರುತ್ತಿತ್ತು. ರೊಟ್ಟಿಗೆ ಡಲ್ಲೆ ಒಗ್ಗದು ಎಂದು ನಾನು ಮೇಲೆ ಬರೆದ ಮಾತಿಗೆ ಈ ಜಾಡಿಯೊಂದು ತಿದ್ದುಪಡಿ. ಫೆಬ್ರವರಿ ಮುಗಿಯುವ ಮೊದಲೇ ಅದು ಖಾಲಿಯಾಯಿತು. ಮುಂದಿನ ಸಲ ಹೋದರೆ ಎಷ್ಟು ಬಾಟಲಿ ತರಲಿ ಎಂದು ಫೋನಿನಲ್ಲಿ ಕೇಳಿದ್ದಕ್ಕೆ ಅವ್ವ, 'ಬಾಟಲಿ ಬ್ಯಾಡ, ಹಣ್ಣ ತೊಗೊಂಡು ಬಾ, ನಾ ರುಬ್ಬತೀನಿ' ಎಂದಿದ್ದಾಳೆ.